ಹುಲಿಗೆಮ್ಮನ ಜೀಪು ಮಗ್ಗುಲಾದದ್ದು

ಕೂತ್ಕೊಳ್ರಪ್ಪ, ಹತ್ರ ಬರ್ರಿ. ಸೊಂಡೂರು ಸೀಮೆಯ ಕೆಂಪು ಗುಡ್ಡದ ಬುಡದಾಗೆ ಹುಲಿಗೆಮ್ಮ ಅಂತ ಒಬ್ಬಾಕಿ ಇದ್ದಳು. ಗಂಡ ಬಿಟ್ಟುಹೋದ ಹಳೇ ಜೀಪನ್ನ ತಾನೇ ಓಡಿಸ್ತಿದ್ದಳು. ಗುಡ್ಡದ ಮ್ಯಾಲಿನ ದೋಣಿಮರಡಿಗೆ ರಸ್ತೆ ಇಲ್ಲ, ಬರೀ ಕಲ್ಲು, ಕೊರಕಲು. ಮಂದಿ ಹತ್ತೋಕೂ ಇಳಿಯೋಕೂ ಆ ಜೀಪೊಂದೇ. ಆಕೀಗೆ ಒಬ್ಬನೇ ಮಗ, ವೆಂಕೋಬ. ಆಳು ಎತ್ತರ, ಬುದ್ಧಿ ಗಿಡ್ಡ. ಹೇಳಿದ್ದು ಹೇಳಿದಂಗೇ ಮಾಡ್ತಿದ್ದ. ಅದೇ ಆಕಿ ಸಂಕಟ.

ಒಂದಿನ ಜೀಪು ಏರಿನಾಗೆ ಕೆಮ್ಮಿ ಕೆಮ್ಮಿ ನಿಂತುಬಿಡ್ತು. ಹುಲಿಗೆಮ್ಮ ಮಗನ್ನ ಕರೆದಳು.

"ಮಾಬುಸಾಬ್ ಮೇಸ್ತ್ರಿ ಹತ್ರ ಹೋಗು. ಎಂಜಿನ್ನಿಗೆ ಪೆಟ್ರೋಲ್ ಕುಡಿಸೋ ಹಳೇ ಕಾರ್ಬುರೇಟರ್ರೇ ಇರ್ಲೋ, ಅದನ್ನ ತೆಗೆದು ಹೊಸಾ ಇಂಜೆಕ್ಷನ್ ಹಾಕಿಸ್ಲೋ, ಕೇಳು. ಅವ್ನು ಹೇಳಿದ್ದನ್ನ ಬಾಯಾಗೇ ಇಟ್ಕಂಡು ಬಾ."

ವೆಂಕೋಬ ಹೋದ, ಕೇಳಿದ, ಗಲ್ಲ ಉಬ್ಬಿಸ್ಕಂಡು ತುಟಿ ಬಿಗಿದು ಬಂದ.

"ಏನಂದ ಮೇಸ್ತ್ರಿ?"

"ಮ್ಮ್."

"ಹೇಳೋ ಮಗನೇ."

"ಮ್ಮ್‌ಮ್."

ಬೆನ್ನಿಗೊಂದು ಗುದ್ದು ಬಿತ್ತು. ಆವಾಗ ಮಾತು ಹೊರಗ ಬಂತು. "ಕಾರ್ಬುರೇಟರ್ ಆದ್ರೆ ಏರಿನಾಗೆ ಮುಗ್ಗರಿಸ್ತದಂತೆ, ಆದ್ರೆ ಕೆಟ್ಟ ಜಾಗದಾಗೇ ಬಿಚ್ಚಿ ಊದಿ ಹಾಕಬೋದಂತೆ. ಇಂಜೆಕ್ಷನ್ ಆದ್ರೆ ಎಂಥಾ ಏರಾದ್ರೂ ಮುಗ್ಗರಿಸಲ್ವಂತೆ, ಆದ್ರೆ ಕೆಟ್ರೆ ಕಂಪ್ಯೂಟರ್ ಇರೋ ಕಡೀಗೇ ಒಯ್ಯಬೇಕಂತೆ."

"ಹಂಗಾದ್ರೆ ಸದ್ಯಕ್ಕೆ ಹಳೇದೇ ಇರ್ಲಿ," ಅಂದಳು ತಾಯಿ. "ನೀನು ಇನ್ನು ಮ್ಯಾಲೆ ಯಾರಾದ್ರೂ ಕೇಳಿದ್ರೆ ತಟ್ಟಂತ ಬಾಯಿ ಬಿಡ್ಬೇಕು. ತಿಳೀತಾ?"

"ತಿಳೀತವ್ವ."

ಮಾರನೇ ದಿನ ಜೀಪು ತುಂಬಾ ಮಂದಿ. ಅರ್ಧ ಗುಡ್ಡದಾಗೆ ಮತ್ತೆ ಕೆಮ್ಮು. ಹುಲಿಗೆಮ್ಮ ಬಾನೆಟ್ ಎತ್ತಿ ಕಾರ್ಬುರೇಟರ್ ಬಿಚ್ಚಿದಳು. ಒಳಗಿನ ಜೆಟ್ ಅನ್ನೋ ಹಿತ್ತಾಳೆ ಚೂರು, ಕಡಲೆಕಾಳಿನಷ್ಟೇ, ಪೆಟ್ರೋಲ್ ಹಾಯೋದು ಅದರ ತೂತಿನಾಗೇ. ಅದನ್ನ ಮಗನಿಗೆ ಕೊಟ್ಟು, "ತುಟಿಯಾಗೇ ಕಚ್ಚಿ ಹಿಡಿದು ಊದು" ಅಂದಳು. ವೆಂಕೋಬ ಕೊರಕಲಿನ ಅಂಚಿಗೆ ನಿಂತು ಊದಿದ್ದೇ ಊದಿದ್ದು.

ಹಿಂದಿನ ಸೀಟಿನಾಗೆ ಕೂತಿದ್ದ ತಾತ ಕೇಳಿದ, "ಕಸ ಹೋಯ್ತೇನಪ್ಪಾ?"

ಕೇಳಿದ್ರಲ್ಲ! ವೆಂಕೋಬ ತಟ್ಟಂತ ಬಾಯಿ ಬಿಟ್ಟ. ಜೆಟ್ಟು ಟಣ್ ಅಂತ ಕಲ್ಲಿಗೆ ಬಡಿದು ಕೊರಕಲು ಸೇರಿತು. ತಾತ ಮೊದಲ್ಗೊಂಡು ಎಲ್ಲರೂ ಗಂಟುಮೂಟೆ ಹೊತ್ತು ನಡೆದರು.

"ಅಯ್ಯೋ ನನ್ನ ಕರ್ಮವೇ," ಅಂದಳು ತಾಯಿ. "ಜೀಪಿನ ಸಾಮಾನು ಕೈಗೆ ಬಂದ್ರೆ ಗಟ್ಟಿಯಾಗಿ ಹಿಡೀಬೇಕು. ಜೀವ ಹೋದ್ರೂ ಬಿಡಬಾರ್ದು. ತಿಳೀತಾ?"

"ತಿಳೀತವ್ವ."

ಮಾಬುಸಾಬ್ ಹೊಸಾ ಜೆಟ್ ಹಾಕಿಕೊಟ್ಟ. ಸೋಮವಾರ ಬೆಳಗ್ಗೆ ಪಕ್ಕದ ಮನೆ ಮದುಮಗಳನ್ನ ದೋಣಿಮರಡಿಗೆ ಮುಟ್ಟಿಸಬೇಕು. ಮ್ಯಾಲೆ ಬೀಗರು ಕಾಯ್ತಿದಾರೆ, ಮುಹೂರ್ತ ಹತ್ರ ಬಂದದೆ. ಎಂಜಿನ್ ತಣ್ಣಗಿತ್ತು, ಚೋಕ್ ಅನ್ನೋ ಹಿಡಿಕೆ ಎಳೆದು ಪೆಟ್ರೋಲ್ ಹೆಚ್ಚು ಕುಡಿಸಬೇಕು. ಪಕ್ಕದಾಗೆ ಕೂತ ಮಗನಿಗೆ ತಾಯಿ, "ಚೋಕ್ ಎಳಿ" ಅಂದಳು. ಎಳೆದ. ಜೀಪು ಬುರ್ರಂತ ಹೊರಟಿತು.

"ಇನ್ನು ಬಿಡು."

ಬಿಡಲಿಲ್ಲ.

"ಬಿಡೋ, ಪೆಟ್ರೋಲ್ ಉಕ್ಕಿ ಎಂಜಿನ್ ಕಟ್ಕಂತದೆ!"

"ಜೀವ ಹೋದ್ರೂ ಬಿಡಲ್ಲವ್ವ."

ಇನ್ನೂ ಗಟ್ಟಿಯಾಗಿ ಜಗ್ಗಿದ. ಚೋಕು ತಂತಿ ಸಮೇತ ಕಿತ್ತು ಕೈಗೆ ಬಂತು. ಕರೀ ಹೊಗೆ ಮುಚ್ಕೊಂತು. ಹೊಗೆ ಸರಿದಾಗ ಜೀಪು ನಿಂತಿತ್ತು, ಮದುಮಗಳ ಮುಖದಾಗೆ ಅರಿಶಿನ ಕಾಣ್ತಿರಲಿಲ್ಲ. ಗಟ್ಟಿಗಿತ್ತಿ ಹುಡುಗಿ ಅದು, ಸೀರೆ ಎತ್ತಿ ಸಿಕ್ಕಿಸ್ಕಂಡು, "ನಡೀರಿ ಹುಲಿಗೆಮ್ಮಕ್ಕಾ, ನಡಕಂಡೇ ಹೋಗಾನ" ಅಂತ ಗುಡ್ಡ ಹತ್ತಿದಳು.

ಮುಟ್ಟಿಸೋ ಹೊಣೆ ಹೊತ್ತ ಹುಲಿಗೆಮ್ಮ ಆಕಿ ಹಿಂದೇ ಓಡಬೇಕು. ಓಡ್ತಾ ಓಡ್ತಾ ತಿರುಗಿ ಹೇಳಿದಳು, "ಸಾಕು ಈ ಕಾರ್ಬುರೇಟರ್ ಸಹವಾಸ. ಇವತ್ತೇ ಇದಕ್ಕೆ ಇಂಜೆಕ್ಷನ್ ಹಾಕಿಸು. ಅದು ಮಾಬುಸಾಬ್ ಕೈಲಾಗಲ್ಲ. ನಿನ್ನ ತಲೆ ಮಾತ್ರ ಓಡಿಸಬ್ಯಾಡ. ದಾರೀಲಿ ಕೇಳು, ಅವ್ರು ತೋರ್ಸಿದ ಕಡೆ ಹೋಗು, ಅಲ್ಲಿಯೋರು ಹೇಳಿದಂಗೆ ಮಾಡು. ತಿಳೀತಾ?"

"ತಿಳೀತವ್ವ."

ವೆಂಕೋಬ ಎತ್ತು ಹೂಡಿ ಜೀಪು ಎಳೆಸ್ಕಂಡು ಹೊರಟ. ಚಾದಂಗಡಿಯಾಗೆ ಕೇಳಿದ, "ಅಣ್ಣಾ, ಇಂಜೆಕ್ಷನ್ ಎಲ್ಲಿ ಹಾಕ್ತಾರೆ?"

"ಅಗೋ, ಸರ್ಕಾರಿ ಆಸ್ಪತ್ರೆ."

ಜೀಪು ಬಾಗಿಲಿಗೆ ನಿಲ್ಲಿಸಿ ಒಳಗೋದ. ನರ್ಸಮ್ಮ ತಲೆ ಎತ್ತದೇ ಬ್ಯಾಂಡೇಜು ಸುತ್ತುತಿದ್ದಳು.

"ಏನಾಗ್ತದೆ?"

"ಕೆಮ್ಮು ಅಕ್ಕಾ. ಏರು ಹತ್ತಿದ್ರೆ ಉಸಿರು ಕಟ್ತದೆ."

"ಯಾರಿಗೆ?"

"ಅಪ್ಪನ ಕಾಲದ್ದು. ಹೆಜ್ಜೆ ಇಡೋಕಾಗದೆ ಎತ್ತು ಹೂಡ್ಕಂಡು ಬಂದೀನಿ. ಇಂಜೆಕ್ಷನ್ನೇ ಆಗ್ಬೇಕು ಅಂದಾಳೆ ಅವ್ವ."

"ಪಾಪ, ವಯಸ್ಸಾದ ಜೀವ. ಹೊರಗೇ ಮಗ್ಗುಲಾಗಿ ಮಲಗಿಸು, ಬಂದೆ."

ವೆಂಕೋಬ ಹೊರಗೆ ಓಡಿದ. ಚೀಟಿಗೆ ಕಾಯ್ತಿದ್ದ ಮಂದೀನೆಲ್ಲ ಕೂಗಿ ಕರೆದ. ಕೈ ಹಚ್ರಪ್ಪ, ಐಸಾ, ಐಸಾ! ಜೀಪು ಧಡಾರಂತ ಮಗ್ಗುಲಾಯ್ತು.

ಮದುವೆ ಮುಗಿಸ್ಕಂಡು ಹುಲಿಗೆಮ್ಮ ಮಗನ್ನ ಹುಡುಕ್ತಾ ಬರೋದಕ್ಕೂ, ನರ್ಸಮ್ಮ ಸೂಜಿ ಹಿಡಿದು ಹೊರಗ ಬರೋದಕ್ಕೂ ಸರಿಹೋಯ್ತು. ಇಬ್ಬರೂ ನಿಂತಲ್ಲೇ ನಿಂತರು. ವೆಂಕೋಬ ಜೀಪಿನ ತಾಡಪಾಲನ್ನ ಅಂಗಿ ತೋಳು ಮಡಚಿದಂಗೆ ಮೆಲ್ಲಗೆ ಮ್ಯಾಲೆ ಮಡಚಿ, ಒಳಗಿನ ತಗಡನ್ನ ಅಂಗೈಯಿಂದ ಸವರಿ, ನರ್ಸಮ್ಮನಿಗೆ ಹೇಳಿದ:

"ನೋಯದಂಗೆ ಚುಚ್ಚಕ್ಕಾ. ಇಷ್ಟು ದಿನ ಕಾರ್ಬುರೇಟರ್‌ನಾಗೇ ಬೆಳೆದದ್ದು, ಸೂಜಿ ಅಭ್ಯಾಸ ಇಲ್ಲ."