ಸಂಕವ್ವನ ದಿಡ್ಡಿ

ಅಂಕನಗಡದ ಕೋಟೆಯನ್ನು ನೋಡಲು ಬರುವವರು ಮೂಡಣ ದಿಕ್ಕಿನ ಹೆಬ್ಬಾಗಿಲ ಬಳಿ ವಾಹನ ನಿಲ್ಲಿಸುತ್ತಾರೆ. ಹೆಬ್ಬಾಗಿಲು ಕುಸಿದು ಕಲ್ಲುಗುಡ್ಡೆಯಾಗಿ ಬಹುಕಾಲವಾಯಿತು. ಅದರ ಪಕ್ಕದಲ್ಲಿ ತಲೆ ತಗ್ಗಿಸಿ ದಾಟಬೇಕಾದ ಒಂದು ಚಿಕ್ಕ ಬಾಗಿಲಿದೆ. ಜನ ಅದನ್ನು ಸಂಕವ್ವನ ದಿಡ್ಡಿ ಎನ್ನುತ್ತಾರೆ. ಹೊಸದಾಗಿ ಮದುವೆಯಾದವರು ಅದರ ಚೌಕಟ್ಟಿನಲ್ಲಿ ಜೊತೆಯಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದುಂಟು. ಸಂಕವ್ವ ಇಲ್ಲಿನ ರಾಣಿಯಾಗಿದ್ದಳೆಂದು ಕೆಲವರು ಬಂದವರಿಗೆ ಹೇಳಿಕೊಡುತ್ತಾರೆ. ಆ ಮಾತು ಸರಿಯಲ್ಲ. ಆಕೆ ಒಬ್ಬ ಬಡಿಗನ ಹೆಂಡತಿ. ಈ ಊರಿನವಳೂ ಅಲ್ಲ, ಊರು ನೋಡಲು ಬಂದವಳು.

ಹಿಂದೆ ಒಮ್ಮೆ, ಅಂಕನಗಡ ಇನ್ನೂ ತುಂಬಿದ ಪಟ್ಟಣವಾಗಿದ್ದಾಗ, ಹೊಳೆಯಾಚೆಯ ಹಳ್ಳಿಯಲ್ಲಿ ಮಾನಪ್ಪನೆಂಬ ಬಡಿಗನಿದ್ದನು. ಅವನು ಮಾಡಿದ ಬಂಡಿಯ ಗಾಲಿಗೆ ಸುತ್ತಲ ಸೀಮೆಯಲ್ಲೆಲ್ಲ ಹೆಸರಿತ್ತು. ಮಕ್ಕಳಿಲ್ಲದ ದಂಪತಿ, ಕೂದಲು ನೆರೆಯುವವರೆಗೂ ದುಡಿಮೆ ಬಿಟ್ಟು ಬೇರೆ ಕಂಡವರಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತ ಸಂಕವ್ವ, "ನೀವು ಮಾಡಿದ ಗಾಲಿ ಎಷ್ಟ್ ಊರು ನೋಡ್ಯಾವು. ನಾ ಒಂದೂ ನೋಡಿಲ್ಲ ನೋಡ್ರಿ" ಎಂದಳಂತೆ. ಆ ಮಾತು ಮಾನಪ್ಪನ ಮನಸ್ಸಿಗೆ ನಾಟಿತು. ಸುಗ್ಗಿ ಮುಗಿದೊಡನೆ ಬಂಡಿ ಕಟ್ಟಿ, ಹಳೆಯ ಗುಡಿಗಳನ್ನೂ ಕೋಟೆಗಳನ್ನೂ ನೋಡುತ್ತ ಇಬ್ಬರೂ ಹೊರಟರು. ಕಂಡ ಕಂಡ ಕಂಬವನ್ನೆಲ್ಲ ಅವಳು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಪಟ್ಟಣವೆಂದು ಅಂಕನಗಡವನ್ನು ಕೊನೆಗೆ ಇಟ್ಟುಕೊಂಡಿದ್ದರು.

ಕೋಟೆಯ ಹೊರಗಿನ ಕೆರೆಯ ಬಳಿ ಬಂದಾಗ ಒಂದು ಎತ್ತು ಕುಂಟತೊಡಗಿತು. ಅದರ ಗೊರಸು ನೋಡಲು ಕುಳಿತ ಮಾನಪ್ಪ, ಹೆಂಡತಿಯ ಆತುರ ಕಂಡು ನಕ್ಕು, "ನೀ ಮುಂದ ಹೋಗಿ ನೋಡ್ತಿರು, ನಾ ಹಿಂದ ಬಂದೆ" ಎಂದು ಕಳಿಸಿದನು. ನೀರು ಹೊತ್ತ ಹೆಂಗಸರ ಜೊತೆಗೆ ಅವಳು ಒಳಗೆ ಹೋದಳು. ಅವನು ಎತ್ತನ್ನು ನೆರಳಿಗೆ ಕಟ್ಟುವಷ್ಟರಲ್ಲಿ ಡಂಗುರ ಕೇಳಿಸಿತು. ಪಟ್ಟಣದಲ್ಲಿ ವಾಂತಿಭೇದಿ ಹರಡಿತ್ತು. ಒಳಗಿನವರು ಹೊರಗೆ ಬರಕೂಡದು, ಹೊರಗಿನವರು ಒಳಗೆ ಹೋಗಕೂಡದು ಎಂದು ಕೋಟೆಯ ನಾಯಕನ ಅಪ್ಪಣೆಯಾಯಿತು. ಮಾನಪ್ಪ ಓಡಿ ಬರುವುದರೊಳಗೆ ಹೆಬ್ಬಾಗಿಲೂ ದಿಡ್ಡಿಯೂ ಮುಚ್ಚಿದ್ದವು.

ದಿಡ್ಡಿಯ ಹಲಗೆಗಳ ಸಂದಿನಲ್ಲಿ ಮಾತು ಮಾತ್ರ ದಾಟುತ್ತಿತ್ತು. ಹೆಂಡತಿಯ ದನಿ ಕೇಳಿದ ಮಾನಪ್ಪ ಉಳಿ ಸುತ್ತಿಗೆ ತಂದು ಚೌಕಟ್ಟಿಗೆ ಹಚ್ಚಿದನು. ಬಾಗಿಲು ಬಿಚ್ಚುವುದು ಅವನಿಗೆ ದೊಡ್ಡ ಕೆಲಸವಾಗಿರಲಿಲ್ಲ. ಆದರೆ ಸಂಕವ್ವ ತಡೆದಳು. "ಬ್ಯಾಡ್ರಿ. ಬೇನಿ ನಮ್ಮ ಜೊತಿಗೆ ಬಂದು ನಮ್ಮೂರಿಗೇ ಹತ್ತೀತು. ನಾ ಆರಾಮ ಅದೀನಿ. ಊರು ನೋಡಾಕತ್ತೀನಿ, ನೋಡಗೊಡ್ರಿ" ಎಂದಳು. ಅವನು ಕೈ ಹಿಂದೆಗೆದನು. ಅಂದಿನಿಂದ ದಿನವೂ ಬೆಳಿಗ್ಗೆ ಅವಳು ಹಲಗೆಯಾಚೆ ಕುಳಿತು ತಾನು ಕಂಡದ್ದನ್ನು ಹೇಳುತ್ತಿದ್ದಳು: ನವಿಲು ಕೆತ್ತಿದ ಮಂಟಪ, ಕಮಲದ ಕೊಳ, ಅತ್ತರು ಮಾರುವವರ ಓಣಿ, ಗಾಳಿ ಬಂದರೆ ತಾನಾಗಿ ನುಡಿಯುವ ಗಂಟೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದನು. ದಿನಗಳೆದಂತೆ ದನಿ ಇಳಿಯಿತು. "ಯಾಕ ಸಣ್ಣಗೆ ಮಾತಾಡ್ತಿ?" ಎಂದು ಅವನು ಕೇಳಿದರೆ, "ತಿರುಗಿ ತಿರುಗಿ ಕಾಲು ಸೋತಾವ್ರಿ. ಊರು ಭಾಳ ದೊಡ್ಡದೈತಿ" ಎಂದಳು. ಮರುದಿನ ಅವಳು ಮಾತನಾಡಲಿಲ್ಲ. ಮಾನಪ್ಪ ಮತ್ತೆ ಉಳಿ ಎತ್ತಿದಾಗ ಒಳಗಿನಿಂದ ಕಾವಲಿನ ಮುದುಕ ರಾಣೋಜಿಯ ದನಿ ಬಂತು: "ಬಡಿಗೇರ್ರ, ಇನ್ನ ಉಳಿ ಹಚ್ಚಬ್ಯಾಡ್ರಿ."

ಮಳೆ ಹಿಡಿದ ಮೇಲೆ ಬಾಗಿಲು ತೆರೆಯಿತು. ಸಂಕವ್ವನನ್ನು ಸತ್ತವರೆಲ್ಲರೊಡನೆ ಒಂದೇ ಗುಂಡಿಯಲ್ಲಿ ಹೂಳಿದ್ದರು; ಗುರುತು ಹೇಳಲು ಯಾರಿಗೂ ಆಗಲಿಲ್ಲ. ಮಾನಪ್ಪ ಅವಳು ಕಂಡ ಮಂಟಪವನ್ನಾದರೂ ನೋಡಬೇಕೆಂದು ಓಣಿ ಓಣಿ ಅಲೆದನು. ನವಿಲೂ ಇರಲಿಲ್ಲ, ಕೊಳವೂ ಇರಲಿಲ್ಲ. ಕದ ತೆರೆದ ಬರಿದು ಮನೆಗಳಿದ್ದವು. ಕೊನೆಗೆ ರಾಣೋಜಿಯನ್ನು ಕೇಳಿದನು. ಮುದುಕ ತಲೆ ತಗ್ಗಿಸಿ, "ಆಕಿ ಊರು ಎಲ್ಲಿ ನೋಡಿದಳಪ್ಪಾ? ಡಂಗುರ ಕೇಳಿ ಮೊದಲ ಓಣಿಯಿಂದನ ಓಡಿ ಬಂದಳು. ಬಂದವಳು ದಿಡ್ಡಿ ಮಗ್ಗಲದ ಈ ಕಾವಲು ಕೋಣ್ಯಾಗ ಬಿದ್ದಳು. ಆವತ್ತೇ ಬೇನಿ ಹತ್ತಿತ್ತು" ಎಂದನು.

ಮಾನಪ್ಪ ತನ್ನ ಹಳ್ಳಿಗೆ ಹಿಂದಿರುಗಲಿಲ್ಲ. ದಿಡ್ಡಿಯ ಹೊರಗೆ ಬೇವಿನ ಬುಡದಲ್ಲಿ ಗಾಲಿ ಮಾಡುತ್ತ ಉಳಿದನು. ಮತ್ತೆ ಒಳಗೆ ಕಾಲಿಡಲಿಲ್ಲ. ದೂರದಿಂದ ಬಂದ ಗಂಡಹೆಂಡಿರು ಒಳಗೇನಿದೆ ಎಂದು ಕೇಳಿದರೆ, ನವಿಲಿನ ಮಂಟಪ, ಕಮಲದ ಕೊಳ ಎಂದು ಒಂದೂ ಬಿಡದೆ ಹೇಳುತ್ತಿದ್ದನು. "ಯಾರು ನೋಡ್ಯಾರ?" ಎಂದರೆ, "ನಮ್ಮ ಸಂಕವ್ವ ನೋಡ್ಯಾಳ" ಎನ್ನುತ್ತಿದ್ದನು. ದಿಡ್ಡಿಗೆ ಆ ಹೆಸರು ಹಾಗೆ ನಿಂತಿತು. ಹುಡುಕಿ ಸುಸ್ತಾಗಿ ಹೊರಬಂದವರಲ್ಲಿ ಕೆಲವರು ಅವನನ್ನು ಬೈದರು, ಕೆಲವರು ಹುಚ್ಚನೆಂದರು. ಅವನ ಕೊನೆ ಎಂದಾಯಿತು, ಎಲ್ಲಾಯಿತು ಎಂಬುದು ಯಾರಿಗೂ ತಿಳಿಯದು.

ಆ ಪಟ್ಟಣ ಮತ್ತೆ ತುಂಬಲೇ ಇಲ್ಲ. ಈಗ ದಿಡ್ಡಿ ದಾಟಿದವರಿಗೆ ಕಾಣುವುದು ಜಾಲಿಯ ಪೊದೆ, ಮೊಣಕಾಲೆತ್ತರದ ಗೋಡೆಗಳು, ಮೇಯುವ ಆಡುಗಳು. ಜೋಡಿಗಳು ಬಿಸಿಲಲ್ಲಿ ಸ್ವಲ್ಪ ಹೊತ್ತು ಸುತ್ತಾಡಿ, ಒಳಗೆ ನೋಡುವಂಥದ್ದೇನೂ ಇಲ್ಲವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಹೊರಗೆ ಬರುತ್ತಾರೆ.