ಜವರನ ಹುಳುಕು ಹಲ್ಲಿಗೆ ಬೆಳ್ಳಿಯೋ ಸಿಮೆಂಟೋ

ಕೇಳ್ರಪ್ಪಾ, ನಗೋರು ಆಮೇಲೆ ನಗಿ, ಮೊದಲು ಕೇಳಿ. ಒಂದೂರಲ್ಲಿ ಪುಟ್ಟಗೌರಮ್ಮ ಅಂತ ಒಬ್ಬಳಿದ್ಲು. ನಿಪ್ಪಟ್ಟು, ಕೋಡುಬಳೆ ಕರಿದು ಮಾರೋಳು. ಅವಳಿಗೆ ಜವರ ಅಂತ ಒಬ್ಬನೇ ಮಗ. ವಯಸ್ಸು ಮೂವತ್ತರ ಹತ್ತಿರ, ಮೀಸೆ ದಪ್ಪ, ಮನಸ್ಸು ಮಗುವಿನದು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ತೊಂದರೆ. "ಹಾಲು ಉಕ್ಕೋತನಕ ನೋಡ್ತಾ ಕೂತಿರ್ಲಾ" ಅಂದ್ರೆ ಉಕ್ಕೋತನಕ ನೋಡೋನು. ಉಕ್ಕಿ ಒಲೆಗೆ ಸುರಿದ ಮೇಲೆ ಎದ್ದು ಹೋಗೋನು. "ಅಯ್ಯೋ ನನ್ನ ಕರ್ಮವೇ!" ಅಂತ ಅವಳು ಹಣೆ ಚಚ್ಚಿಕೊಂಡ್ರೆ, "ಮೆಲ್ಲಗೆ ಅವ್ವಾ, ಹಣೆ ನೋಯುತ್ತೆ" ಅನ್ನೋನು. ಇಂಥವನನ್ನ ಬೈಯೋದಾದ್ರೂ ಹೆಂಗೆ ಹೇಳಿ?

ಒಂದಿನ ಬಿಸಿ ನಿಪ್ಪಟ್ಟು ಕಟುಂ ಅಂತ ಕಡಿದ ನೋಡಿ, ಕಡಿದವನೇ "ಅವ್ವೋ!" ಅಂತ ನೆಲಕ್ಕೆ ಕೂತುಬಿಟ್ಟ. ಪುಟ್ಟಗೌರಮ್ಮ ಬಾಯೊಳಗೆ ಇಣುಕಿದ್ಲು. ಎಡಗಡೆ ದವಡೆ ಹಲ್ಲಲ್ಲಿ ಕಡಲೆಕಾಳು ಕೂರೋವಷ್ಟು ತೂತು! ಟೌನಲ್ಲಿ ಶಾಹಿದಾ ಅಂತ ಹಲ್ಲಿನ ಡಾಕ್ಟ್ರಮ್ಮ ಇದ್ರು. ಜೊತೆಗೆ ಹೋಗೋಣ ಅಂದ್ರೆ ಮದುವೆ ಮನೆಗೆ ಸಾವಿರ ಕೋಡುಬಳೆ ಒಪ್ಪಿಕೊಂಡಿದ್ಲು, ಒಲೆ ಮುಂದಿಂದ ಏಳೋ ಹಾಗಿರಲಿಲ್ಲ.

"ನೋಡ್ ಮಗಾ, ಡಾಕ್ಟ್ರಮ್ಮನ ಮುಂದೆ ಎದುರು ಮಾತಾಡಬೇಡ. ಬಾಯಿ ತೆಗಿ ಅಂದ್ರೆ ತೆಗಿ. ಅಷ್ಟೇ ನಿನ್ನ ಕೆಲಸ."

"ಆಯ್ತವ್ವಾ!" ಅಂತ ಹೋದ.

ಡಾಕ್ಟ್ರಮ್ಮ ಬಾಯಿ ತೆಗಿ ಅಂದ್ರು, ತೆಗೆದ. ಕನ್ನಡಿ ಇಟ್ಟು ನೋಡಿದ್ರು. "ಜವರಪ್ಪ, ತೂತು ಆಳ ಇದೆ. ಇನ್ನೂ ಬೇರಿಗೆ ಇಳಿದಿಲ್ಲ, ಹಲ್ಲು ಉಳಿಯುತ್ತೆ. ತುಂಬೋದಕ್ಕೆ ಮೂರು ಥರ ಇದೆ. ಬೆಳ್ಳಿ ಥರದ್ದು ಕಪ್ಪಗೆ ಕಾಣುತ್ತೆ, ಆದ್ರೆ ಅಗಿಯೋ ಹಲ್ಲಿಗೆ ಗಟ್ಟಿ. ಹಲ್ಲಿನ ಬಣ್ಣದ್ದು ಹಾಕಿದ್ರೆ ತುಂಬಿಸಿದ್ದೇ ಗೊತ್ತಾಗಲ್ಲ. ಇನ್ನೊಂದು ಸಿಮೆಂಟು, ಅದು ಸದ್ಯಕ್ಕೆ ಮಾತ್ರ. ಯಾವುದು ಹಾಕ್ಲಿ? ಎಂಟು ದಿನದೊಳಗೆ ತುಂಬಿಸದಿದ್ರೆ ಕೀಳಬೇಕಾಗುತ್ತೆ, ನೋಡಿ."

ಜವರ ಬಾಯಿ ತೆಗೆದುಕೊಂಡೇ ಕೂತಿದ್ದ. ಮಾತಾಡಬೇಡ ಅಂದಿದ್ಲಲ್ಲ ಅವ್ವ! ಎರಡು ಸಲ ಕೇಳಿದ್ರು, ಮೂರು ಸಲ ಕೇಳಿದ್ರು. "ಹೋಗ್ಲಿ, ಮನೇಲಿ ಕೇಳ್ಕೊಂಡು ಬನ್ನಿ" ಅಂದ್ರು. ಮುಚ್ಚಿ ಅಂತ ಮಾತ್ರ ಅನ್ನಲಿಲ್ಲ. ಅದೇ ಬಾಯಲ್ಲಿ ಬಸ್ಸು ಹತ್ತಿದ. ಕಂಡಕ್ಟರು "ಎಲ್ಲಿಗಯ್ಯಾ?" ಅಂದ್ರೆ "ಆ..." ಅಂದ. ಊರು ಬರೋಷ್ಟರಲ್ಲಿ ಎರಡು ನೊಣ ಒಳಗೆ ಹೋಗಿ ಹೊರಗೆ ಬಂದಿದ್ವು.

"ಮುಚ್ಚೋ ಬಾಯಿ!" ಅಂತ ಕೂಗಿದ್ಲು ಪುಟ್ಟಗೌರಮ್ಮ. ಮುಚ್ಚಿದ. ಆಮೇಲೆ ಡಾಕ್ಟ್ರಮ್ಮ ಅಂದಿದ್ದನ್ನ ಒಂದಕ್ಷರ ಬಿಡದೆ ಒಪ್ಪಿಸಿದ. ನೆನಪಿಗೇನೂ ಕಮ್ಮಿ ಇರಲಿಲ್ಲ ಅವನಿಗೆ.

"ಅಲ್ಲ ಕಣ್ಲಾ ದಡ್ಡಾ, ಅಷ್ಟು ಬಿಡಿಸಿ ಹೇಳಿದಾರೆ, ನೋಡಿ ಆರಿಸ್ಕೋಬಾರ್ದಾ? ಸಂತೇಲಿ ಮಡಕೆ ಹೆಂಗೆ ತಗೋತೀವಿ? ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಗಟ್ಟಿ ಇದ್ರೆ ತಗೋತೀವಿ. ಹಂಗೆ ತಗೋ!"

"ಆಯ್ತವ್ವಾ, ತಟ್ಟಿ ತಗೋತೀನಿ!"

ಮಾರನೇ ದಿನ ಹೋದ. ಬೆಂಚಿನ ಮೇಲೆ ಒಬ್ಬರು ರಿಟೈರ್ಡ್ ಮೇಷ್ಟ್ರು ಸರದಿ ಕಾಯ್ತಾ ಗೋಡೆಗೊರಗಿ ನಿದ್ದೆ ಹೋಗಿದ್ರು. ಬಾಯಿ ಅರ್ಧ ತೆರೆದಿತ್ತು. ಒಳಗೆ, ಆಹಾ, ಬೆಳ್ಳಿ ತುಂಬಿದ ಹಲ್ಲು! ಜವರನಿಗೆ ಎಷ್ಟು ಸಂತೋಷ ಆಯ್ತು ಅಂತೀರಿ! ಬೀಗದ ಕೈ ತೆಗೆದ, ಬಗ್ಗಿದ, ಬಾಯಿ ಹತ್ತಿರ ಕಿವಿ ಇಟ್ಟ, ಟಣ್ ಅಂತ ತಟ್ಟಿದ.

"ಹಾ! ಕಳ್ಳ! ಕಳ್ಳ!" ಮೇಷ್ಟ್ರು ಎದ್ದು ಛತ್ರಿ ಬೀಸಿದ್ರು.

"ಹೆದರಬೇಡಿ ಸಾರ್, ಸದ್ದು ಚೆನ್ನಾಗಿದೆ! ಇನ್ನೊಂದು ಸಲ ತಟ್ಲಾ?"

ಛತ್ರಿ ಏಟು ತಿಂದು, ಹಲ್ಲೂ ತುಂಬಿಸದೆ ಮನೆಗೆ ಬಂದ.

"ಅಯ್ಯೋ ಪಾಪಿ! ಕಂಡೋರ ಬಾಯಿಗೆ ಕೈ ಹಾಕ್ತಾರೇನ್ಲಾ!" ಪುಟ್ಟಗೌರಮ್ಮ ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಾ ತಿಕ್ಕುತ್ತಾ ಬೈದ್ಲು. "ಬೆಳ್ಳಿ ಸಹವಾಸವೇ ಬೇಡ. ಆ ಹಲ್ಲಿನ ಬಣ್ಣದ್ದು ಹಾಕಿಸ್ಕೋ. ಬಣ್ಣ ಹೊಂದುತ್ತಾ ಅಂತ ಸರಿಯಾಗಿ ನೋಡ್ಕೋ. ನಾನು ಸೀರೆಗೆ ರವಿಕೆ ಬಟ್ಟೆ ತಗೊಳ್ಳೋವಾಗ ಅಂಗಡಿ ದೀಪದಲ್ಲಿ ನೋಡಿ ತರ್ತೀನಾ? ಆಚೆ ತಂದು ಬಿಸಿಲಿಗೆ ಹಿಡೀತೀನಿ. ಬಿಸಿಲಲ್ಲಿ ಒಪ್ಪಿದ್ರೇನೇ ಬಣ್ಣ."

"ಆಯ್ತವ್ವಾ, ಬಿಸಿಲಿಗೆ ಹಿಡೀತೀನಿ!"

ಹೋದ. ಮೊದಲು ಮೇಷ್ಟ್ರು ಇಲ್ಲ ಅಂತ ಬಾಗಿಲಲ್ಲೇ ನೋಡ್ಕೊಂಡ. ಡಾಕ್ಟ್ರಮ್ಮ ಪುಣ್ಯಾತ್ಗಿತ್ತಿ, ಬೈಲಿಲ್ಲ. ಹಲ್ಲಿನ ಬಣ್ಣದ್ದು ಅಂದ ಕೂಡಲೇ ಒಂದು ಪಟ್ಟಿ ತಂದ್ರು. ಪಟ್ಟಿ ತುಂಬ ಸಾಲಾಗಿ ಮಾದರಿ ಹಲ್ಲು. ಒಂದು ಬೆಳ್ಳಗೆ, ಒಂದು ಕೆನೆ ಬಣ್ಣ, ಒಂದು ಹಳದಿ. "ನಿಮ್ಮ ಹಲ್ಲಿಗೆ ಯಾವುದು ಹೊಂದುತ್ತೆ ನೋಡೋಣ" ಅಂತ ಹತ್ತಿರ ಹಿಡಿದ್ರು. ಜವರ ಪಟಕ್ಕನೆ ಕಿತ್ಕೊಂಡ. ಬೀದಿಗೆ ಓಡಿದ.

ಬೀದೀಲಿ ಮೋಡ. ಬಿಸಿಲು ಅಕೋ ಅಲ್ಲಿ, ಅಂಚೆ ಆಫೀಸಿನ ಹತ್ತಿರ. ಅಲ್ಲಿಗೆ ಓಡಿದ. ಇವನು ಹೋಗೋಷ್ಟರಲ್ಲಿ ಬಿಸಿಲು ಬಸ್‌ಸ್ಟ್ಯಾಂಡಿಗೆ ಹೋಗಿತ್ತು. ಅಲ್ಲಿಗೂ ಓಡಿದ! ಹೂ ಮಾರೋಳ ಮುಂದೆ ನಿಂತು ಹಲ್ಲು ಕಿಸಿದು, ಪಟ್ಟಿ ಪಕ್ಕಕ್ಕೆ ಹಿಡಿದು, "ಅಕ್ಕಾ, ಹೊಂದುತ್ತಾ?" ಅಂದ.

"ಥೂ, ಬೆಳಬೆಳಗ್ಗೆ!" ಅಂದ್ಲು ಅವಳು. ಆಮೇಲೆ ಅವಳಿಗೂ ಕುತೂಹಲ. "ಊಹೂಂ, ಇದು ಬಿಳುಪು ಜಾಸ್ತಿ ಆಯ್ತು. ಆ ಕೊನೇದು ಹಿಡಿ."

ಹಿಂದಿಂದ ಡಾಕ್ಟ್ರಮ್ಮ, ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಮಾಸ್ಕು, "ನನ್ನ ಪಟ್ಟೀರೀ! ಪಟ್ಟಿ ಕೊಡ್ರೀ!" ಅಂತ ಓಡಿಬಂದ್ರು. ಟೌನೆಲ್ಲ ನಿಂತು ನೋಡ್ತು. ಅವತ್ತೂ ಹಲ್ಲು ತುಂಬಲಿಲ್ಲ.

ಇಷ್ಟರಲ್ಲಿ ಆರು ದಿನ ಕಳೆದಿತ್ತು. ತಣ್ಣೀರು ತಾಗಿದ್ರೆ ಜವರನ ಕಣ್ಣಲ್ಲಿ ನೀರು. ಪುಟ್ಟಗೌರಮ್ಮನಿಗೆ ಹೆದರಿಕೆ ಹುಟ್ಟಿತು. ಇವತ್ತು ಒಂದು ಹಲ್ಲು ಕಿತ್ರೆ, ನಾಳೆ ನಾನಿಲ್ಲದಾಗ ಮಿಕ್ಕಿದ್ದನ್ನ ಯಾರು ಕಾಯ್ತಾರೆ ಇವನಿಗೆ? ಈ ಹಲ್ಲು ಹೆಂಗಾದ್ರೂ ಉಳೀಬೇಕು ಅಂತ ಅವಳ ಹಟ.

"ಡಾಕ್ಟ್ರಮ್ಮ ಓದಿದೋರು ಕಣ್ಲಾ. ನೀನ್ಯಾಕೆ ಆರಿಸೋಕೆ ಹೋಗ್ತೀಯ? ಏನೂ ಆರಿಸಬೇಡ, ಏನೂ ಮುಟ್ಟಬೇಡ. ಅವರೇನಂದ್ರೂ ಹೂಂ ಅನ್ನು!"

"ಹೂಂ" ಅಂದ ಜವರ.

ಏಳನೇ ದಿನ ಹೋದ. ಡಾಕ್ಟ್ರಮ್ಮ ಮೊದಲು ಪಟ್ಟೀನ ಬೀರುವಿಗೆ ಹಾಕಿ ಬೀಗ ಹಾಕಿದ್ರು. "ಬೆಳ್ಳಿ ಥರದ್ದು ಹಾಕ್ಲಾ?"

"ಹೂಂ."

"ಕಪ್ಪು ಕಾಣುತ್ತೆ, ಆಮೇಲೆ ಬೇಜಾರು ಮಾಡ್ಕೋಬೇಡಿ. ಹಲ್ಲಿನ ಬಣ್ಣದ್ದೇ ಬೇಕಾ?"

"ಹೂಂ."

"ಅಯ್ಯೋ, ಒಂದು ಹೇಳಿ! ಸದ್ಯಕ್ಕೆ ಸಿಮೆಂಟು ಮೆತ್ತಿ ಕಳಿಸ್ಲಾ?"

"ಹೂಂ."

"ಕಿತ್ತೇ ಬಿಡ್ಲಾ ಹಾಗಾದ್ರೆ?"

"ಹೂಂ."

"ಮೂವತ್ತೆರಡನ್ನೂ?"

ಜವರ ಕುರ್ಚಿ ಕೈ ಗಟ್ಟಿಯಾಗಿ ಹಿಡ್ಕೊಂಡ. ಕಣ್ಣು ತುಂಬಿತು. ಆದ್ರೂ ಅವ್ವನ ಮಾತು ಮೀರೋದುಂಟೇ? "ಹೂಂ" ಅಂದ, ಸಣ್ಣಗೆ.

ಡಾಕ್ಟ್ರಮ್ಮನಿಗೆ ನಗು ಬಂತು, ಹಿಂದೇನೇ ಪಾಪ ಅನ್ನಿಸಿತು. ಇಕ್ಕಳ ಕೆಳಗಿಟ್ರು. "ನಾಳೆ ಕೊನೇ ದಿನ ಜವರಪ್ಪ. ನಿಮ್ಮ ತಾಯೀನ ಕರ್ಕೊಂಡು ಬನ್ನಿ."

ಪುಟ್ಟಗೌರಮ್ಮ ಆವತ್ತು ಬೈಯಲಿಲ್ಲ, ಅತ್ತೇ ಬಿಟ್ಲು. ಹಾಲು ಅನ್ನ ಹಿಸುಕಿ ಹಿಸುಕಿ ಬಾಯಿಗಿಟ್ಟು, "ನೋಯ್ತಿರೋದು ನಿನ್ನ ಹಲ್ಲಲ್ಲ ಕಣ್ಲಾ ಮಗಾ, ಆ ನೋವು ಪೂರ್ತಿ ಇರೋದು ನನ್ನ ಹೊಟ್ಟೇಲಿ!" ಅಂದ್ಲು. ಜವರ ಅವ್ವನ ಹೊಟ್ಟೆ ಕಡೆ ನೋಡಿದ. ಪಾಪ ಅವ್ವ, ಇಷ್ಟು ದಿನ ಹೇಳಲೇ ಇಲ್ಲವಲ್ಲ ಅನ್ನಿಸಿತು ಅವನಿಗೆ.

ಬೆಳಗ್ಗೆ ಒಲೆ ಆರಿಸಿ, ಇಬ್ಬರೂ ಬಸ್ಸು ಹತ್ತಿದ್ರು. ದಾರಿಯುದ್ದಕ್ಕೂ ಒಂದೇ ಪಾಠ. "ನೋವು ಎಲ್ಲಿ ಅಂದ್ರೆ ಸುಳ್ಳು ಹೇಳಬೇಡ. ನೋವಿರೋ ಜಾಗ ನಿಜವಾಗಿ ಬೆರಳಿಟ್ಟು ತೋರಿಸು. ಮಿಕ್ಕಿದ್ದು ನಾನು ಮಾತಾಡ್ತೀನಿ."

"ಆಯ್ತವ್ವಾ!"

ಡಾಕ್ಟ್ರಮ್ಮ ಕುರ್ಚಿ ಒರಗಿಸಿದ್ರು. "ಬನ್ನಿ ಜವರಪ್ಪ. ಇವತ್ತು ನೋವು ಎಲ್ಲಿದೆ ತೋರಿಸಿ."

ಜವರ ತಿರುಗಿದ. ಬೆರಳು ತಗೊಂಡು ಅವ್ವನ ಹೊಟ್ಟೆ ಮೇಲಿಟ್ಟ. "ಇಲ್ಲಿದೆ ಡಾಕ್ಟ್ರಮ್ಮಾ. ಪೂರ್ತಿ ಇಲ್ಲೇ ಇದೆಯಂತೆ. ಗಟ್ಟಿದು ಯಾವುದೋ ಅದನ್ನ ಇವಳಿಗೇ ಹಾಕಿ."

"ಲೋ! ಲೋ ಜವರಾ!" ಅನ್ನೋಷ್ಟರಲ್ಲಿ ಅವ್ವನ ಎರಡು ತೋಳು ಹಿಡಿದು ಕುರ್ಚಿ ಮೇಲೆ ಕೂರಿಸೇ ಬಿಟ್ಟ. ಏಳೋಕೆ ಹೋದ್ರೆ ಬಿಡಲೊಲ್ಲ. "ಬೇಡವ್ವಾ, ನೋವಿರೋರೇ ಕೂರಬೇಕು. ನಾನು ಕೂರಲ್ಲ!" ಎಳೆದ್ರು, ಬೇಡಿದ್ರು, ಊಹೂಂ. ಆಚೆ ಬೆಂಚಿನ ಜನ ಎಲ್ಲ ಬಾಗಿಲಿಗೆ ಬಂದು ನಿಂತ್ರು. ಇವತ್ತು ಬಿಟ್ರೆ ಹಲ್ಲು ಹೋದ ಹಾಗೇ ಅಂತ ಡಾಕ್ಟ್ರಮ್ಮನಿಗೂ ಗೊತ್ತು.

"ಸರಿ, ಇಬ್ಬರೂ ಕೂರಿ" ಅಂದ್ರು ಕೊನೆಗೆ.

ಕೂತ್ರು ನೋಡಿ! ಕೆಳಗೆ ಪುಟ್ಟಗೌರಮ್ಮ, ಅವಳ ತೊಡೆ ಮೇಲೆ ಮೀಸೆ ಹೊತ್ತ ಮಗ. ಅವ್ವ ಅವನ ಸೊಂಟ ಬಳಸಿ ಹಿಡ್ಕೊಂಡು, "ಬೆಳ್ಳಿ ಥರದ್ದೇ ಹಾಕಿ ತಾಯೀ, ಅಗಿಯೋ ಹಲ್ಲು, ಗಟ್ಟಿ ಇರ್ಲಿ" ಅಂದ್ಲು. ಡಾಕ್ಟ್ರಮ್ಮ ದವಡೆ ಮರಗಟ್ಟೋಕೆ ಸೂಜಿ ಚುಚ್ಚಿದ್ರು, ಸ್ವಲ್ಪ ಹೊತ್ತು ಕಾದ್ರು. ಆಮೇಲೆ ಮಿಷನ್ನು ಗುಂಯ್ ಅಂತ ಬಾಯೊಳಕ್ಕೆ ಹೋಯ್ತು.

"ಅಯ್ಯಯ್ಯಪ್ಪೋ! ಸತ್ತೆನಪ್ಪೋ!"

ಕೂಗಿದ್ದು ಜವರ ಅಲ್ಲ. ಅವನಿಗೆ ದವಡೆ ಇದೆಯೋ ಇಲ್ಲವೋ ಅಂತಲೇ ಗೊತ್ತಿರಲಿಲ್ಲ. ಕೂಗಿದ್ದು ಪುಟ್ಟಗೌರಮ್ಮ. ಕಣ್ಣು ಬಿಗಿಯಾಗಿ ಮುಚ್ಚಿ, ಮಗನ ಅಂಗಿ ಹಿಡಿದು, ಗಡಗಡ ನಡುಗ್ತಾ ಇದ್ಲು.

ಡಾಕ್ಟ್ರಮ್ಮ ಮಿಷನ್ನು ನಿಲ್ಲಿಸಿದ್ರು. ಜವರ ಬಾಯೊಳಗಿನ ಹತ್ತಿ ಒತ್ತರಿಸಿ, ಸೊಟ್ಟ ನಾಲಿಗೇಲಿ, ಬಾಗಿಲಲ್ಲಿ ನಿಂತವರಿಗೆಲ್ಲ ಕೇಳೋ ಹಾಗೆ ಅಂದ:

"ನೋಡಿದ್ರಾ ಡಾಕ್ಟ್ರಮ್ಮಾ! ನೋವು ಅವ್ವನಿಗೇ ಅಂತ ನಾನು ಹೇಳಲಿಲ್ವಾ?"

ಪುಟ್ಟಗೌರಮ್ಮ ಬೈಯೋಕೆ ಅಂತ ಬಾಯಿ ತೆಗೆದ್ಲು. ಹಂಗೇ ಮಗನ ಬೆನ್ನಿಗೆ ಮುಖ ಒತ್ತಿಕೊಂಡ್ಲು. ಡಾಕ್ಟ್ರಮ್ಮ ಹಲ್ಲು ತುಂಬೋದನ್ನ ಒಂದು ಗಳಿಗೆ ಅಲ್ಲಿಗೇ ಬಿಟ್ಟು, ಮೊದಲು ಅವಳಿಗೆ ಒಂದು ಲೋಟ ನೀರು ತಂದುಕೊಟ್ರು.