ಹಾವು ಕಿವಿ ಕಳಚಿದ ಮಧ್ಯಾಹ್ನ

ಆಗ ನೆಲ ಇನ್ನೂ ಹಸಿಯಾಗಿತ್ತು. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಮೂಡುತ್ತಿತ್ತು. ನೆಲದವ್ವ ಮಣ್ಣು ಮಿದ್ದು ಕಿವಿ ಮಾಡಿ, ಪ್ರಾಣಿಗಳಿಗೆಲ್ಲ ಹಂಚುತ್ತಿದ್ದಳು.

"ನನಗೆ ಎಲ್ಲರಿಗಿಂತ ದೊಡ್ಡವು ಬೇಕು," ಎಂದಳು ಸುಳಿಯವ್ವ ಎಂಬ ಹಾವು. "ಹೊಟ್ಟೆಯಲ್ಲಿ ಮೊಟ್ಟೆ ಇವೆ. ಮಕ್ಕಳನ್ನು ಕಾಯಬೇಕಾದವಳು ನಾನು, ಒಂದು ಸದ್ದೂ ತಪ್ಪಬಾರದು."

"ಎಲೆ ತುಂಬ ಬಡಿಸಿಕೊಂಡರೆ ಹೊಟ್ಟೆ ದೊಡ್ಡದಾಗುತ್ತದೇನೇ?" ಎಂದು ನೆಲದವ್ವ ಗೊಣಗಿದಳು. ಆದರೂ ಕೊಟ್ಟಳು.

ಮೊದಮೊದಲು ಚೆನ್ನಾಗಿತ್ತು. ಹುತ್ತದೊಳಗೆ ಹನ್ನೆರಡು ಮೊಟ್ಟೆ ಇಟ್ಟು, ಸುತ್ತಿ ಮಲಗಿದ ಸುಳಿಯವ್ವನಿಗೆ ಮಳೆ ಹೊರಡುವ ಮೊದಲೇ ಕೇಳುತ್ತಿತ್ತು. ಆಮೇಲೆ ಹುಲ್ಲು ಬೆಳೆಯುವುದು ಕೇಳಿತು. ಬೇರುಗಳು ಕತ್ತಲಲ್ಲಿ ಒಂದನ್ನೊಂದು ತಡಕುವುದು ಕೇಳಿತು. ಸತ್ತ ಜೀರುಂಡೆಯೊಳಗೆ ಇರುವೆಗಳು ಪಿಸುಗುಟ್ಟುವುದು ಕೇಳಿತು. ಮೈ ಮುದುಡಿದರೆ ತನ್ನದೇ ನೆತ್ತರು ಹರಿಯುವ ಸದ್ದು. ಅದರ ಕೆಳಗೆ, ಇನ್ಯಾರೋ ಉಸಿರಾಡುವ ಸದ್ದು.

ನಿದ್ದೆ ಹೋಯಿತು. ಹಸಿವು ಹೋಯಿತು. ಎಲೆ ಬಿದ್ದರೂ ಬುಸ್ ಎನ್ನುತ್ತಿದ್ದಳು.

"ಗಾಳಿಯಪ್ಪಾ, ಒಂದು ಗಳಿಗೆ ಸುಮ್ಮನಿರು," ಎಂದು ಬೇಡಿದಳು.

ಗಾಳಿ ನಿಂತಿತು. ನಿಂತದ್ದೂ ಅವಳಿಗೆ ಕೇಳಿಸಿತು.

ಒಂದು ಮಟಮಟ ಮಧ್ಯಾಹ್ನ, ನೆರಳೂ ಅಲುಗದ ಹೊತ್ತಿನಲ್ಲಿ, ಮುಂಗುಸಿ ಬಂತು. ಹುತ್ತದ ಹಿಂಬದಿ ಕೆರೆದು, ಸುಳಿಯವ್ವ ಇತ್ತ ತಿರುಗುವಷ್ಟರಲ್ಲಿ ಮೂರು ಮೊಟ್ಟೆ ತಿಂದು, ಮೂತಿ ಒರೆಸಿಕೊಂಡಿತು.

"ಉಳಿದದ್ದಕ್ಕೆ ನಾಳೆ ಬರ್ತೀನಿ ಕಣಕ್ಕಾ," ಎಂದು ನೆಂಟರ ಹಾಗೆ ಹೇಳಿ ಹೋಯಿತು.

ಪಕ್ಕದ ಪೊದೆಯ ಮೊಲ ಓಡಿಬಂತು. "ಮೊರದಷ್ಟು ಕಿವಿ ಇಟ್ಕೊಂಡು ಮುಂಗುಸಿ ಹೆಜ್ಜೆ ಕೇಳಲಿಲ್ವೇನೇ?"

"ಕೇಳಿತು," ಎಂದಳು ಸುಳಿಯವ್ವ. "ಎಲ್ಲದರ ಜೊತೆಗೇ ಕೇಳಿತು. ಯಾವುದು ಹೆಜ್ಜೆ, ಯಾವುದು ಹುಲ್ಲು ಅಂತ ತಿಳಿಯಲಿಲ್ಲ."

ಹಾಗೆಂದವಳೇ ತಲೆಯನ್ನು ಕಲ್ಲಿಗೆ ಉಜ್ಜಿದಳು. ಹಸಿಮಣ್ಣಿನ ಕಿವಿ ತಾನೇ? ಒಂದು ಕಳಚಿತು. ಇನ್ನೊಂದೂ ಕಳಚಿತು.

"ಬಿಟ್ಟಿ ಬಿದ್ದಿವೆ, ನನಗಿರಲಿ," ಎಂದು ಮೊಲ ಅವನ್ನು ತನ್ನ ಪುಟ್ಟ ಕಿವಿಗಳ ಮೇಲೇ ಅಂಟಿಸಿಕೊಂಡಿತು. ಅವತ್ತು ಹಿಡಿದ ನಡುಕ ಅದಕ್ಕೆ ಇವತ್ತಿಗೂ ಬಿಟ್ಟಿಲ್ಲ. ಆಸೆಬುರುಕ ಮೊಲ, ನಡುಗಲಿ ಬಿಡಿ.

ಈಗ ಗಾಳಿ ಬೀಸಿತು, ಸದ್ದಿಲ್ಲ. ಹಕ್ಕಿ ಕೊಕ್ಕು ತೆರೆಯಿತು, ಸದ್ದಿಲ್ಲ. ಲೋಕವೇ ಕಣ್ಣು ಬಿಟ್ಟುಕೊಂಡು ಸತ್ತ ಹಾಗಿತ್ತು. ಸುಳಿಯವ್ವ ಹೆದರಿ, ಉಳಿದ ಒಂಬತ್ತು ಮೊಟ್ಟೆಗಳನ್ನು ಬಿಗಿಯಾಗಿ ಸುತ್ತಿಕೊಂಡು, ಗದ್ದವನ್ನು ನೆಲಕ್ಕೆ ಊರಿದಳು.

ಮರುದಿನ ಅದೇ ಹೊತ್ತಿಗೆ, ಗದ್ದದ ಮೂಳೆಯೊಳಗೆ ಏನೋ ತಟ್ಟಿತು. ತಟ್. ತಟ್. ತಟ್. ಹುಲ್ಲಲ್ಲ, ಬೇರಲ್ಲ. ನಾಲ್ಕು ಕಾಲು. ಹಿಂಬದಿಯಿಂದ.

ಮುಂಗುಸಿ ಮೂತಿ ತೂರಿಸುವಷ್ಟರಲ್ಲಿ ಅವಳ ಹೆಡೆ ಎದುರಿಗಿತ್ತು. ಮೀಸೆಗೆ ಹಲ್ಲು ತಾಕಿದ್ದೇ ತಡ, ಅದು ಓಡಿದ ಓಟಕ್ಕೆ ಧೂಳೆದ್ದಿತು.

"ಇಷ್ಟು ಸಾಕೇನೇ?" ಎಂದು ನೆಲದವ್ವ ಗದ್ದದ ಕೆಳಗಿಂದ ಕೇಳಿದಳು.

"ಸಾಕವ್ವಾ," ಎಂದಳು ಸುಳಿಯವ್ವ. ಎಷ್ಟೋ ದಿನಗಳ ಮೇಲೆ ನಿದ್ದೆ ಹೋದಳು.

ಒಂಬತ್ತೂ ಮರಿಗಳು ಕಿವಿಯಿಲ್ಲದೇ ಹುಟ್ಟಿದವು. ಅದಕ್ಕೇ ಇವತ್ತಿಗೂ ಹಾವಿನ ತಲೆಯಲ್ಲಿ ಕಿವಿ ಕಾಣುವುದಿಲ್ಲ. ನೀವು ಹುಲ್ಲಿನ ದಾರಿಯಲ್ಲಿ ಎಷ್ಟು ಕೂಗಾಡಿದರೂ ಏನೂ ಜರುಗುವುದಿಲ್ಲ, ಆದರೆ ಕಾಲನ್ನು ಧಪಧಪ ಊರಿ ನಡೆದರೆ, ಎಲ್ಲೋ ಮುಂದೆ ಹುಲ್ಲು ಒಮ್ಮೆ ಅಲುಗಿ, ಸುಮ್ಮನಾಗುತ್ತದೆ.